ಪರೀಕ್ಷೆಯನ್ನೇ ಬೆಳೆಯುವ ಊರು

ಚೀನಾ ದೇಶದ ಆನ್‌ಹುಯಿ ಪ್ರಾಂತದ ಪಶ್ಚಿಮ ಭಾಗದಲ್ಲಿ ದಾಬ್ಯೆ ಎಂಬ ಪರ್ವತಶ್ರೇಣಿ ಹಬ್ಬಿಕೊಂಡಿದೆ. ಹಸಿರು ಚಹಾಕ್ಕೆ ಹೆಸರಾದ ಲು-ಆನ್ ನಗರವನ್ನು ಬಿಟ್ಟು ಆ ಬೆಟ್ಟಗಳ ಕಡೆಗೆ ಹೊರಟ ಪ್ರಯಾಣಿಕನಿಗೆ ಬೆಟ್ಟದ ಬುಡದಲ್ಲಿ ಮಾವೊತಾನ್‌ಛಾಂಗ್ ಎಂಬ ಪಟ್ಟಣ ಎದುರಾಗುತ್ತದೆ. ಮಿಂಗ್ ಮತ್ತು ಛಿಂಗ್ ಅರಸುಮನೆತನಗಳ ಕಾಲದ ಹಳೆಯ ಬೀದಿಯೊಂದು ಇಲ್ಲಿ ಇನ್ನೂ ಉಳಿದಿದೆ. ಬೇರೆ ಊರಾಗಿದ್ದರೆ ಆ ಬೀದಿಯೇ ಯಾತ್ರಿಕರನ್ನು ಸೆಳೆಯುತ್ತಿತ್ತು. ಇಲ್ಲಿಗೆ ಬರುವವರಿಗೆ ಅದನ್ನು ನೋಡುವ ಪುರುಸೊತ್ತಿಲ್ಲ. ಅವರು ಹಾಸಿಗೆಯ ಸುರುಳಿ, ಅಡಿಗೆಯ ಪಾತ್ರೆ, ಪುಸ್ತಕಗಳ ಗಂಟು ಇವುಗಳೊಡನೆ ಹದಿನೇಳೋ ಹದಿನೆಂಟೋ ವಯಸ್ಸಿನ ಮಗನನ್ನೋ ಮಗಳನ್ನೋ ಕರೆತಂದು, ಒಂದು ವರ್ಷವೋ ಮೂರು ವರ್ಷವೋ ಇಲ್ಲಿಯೇ ಬಿಡಾರ ಹೂಡುತ್ತಾರೆ.

ಜಪಾನಿನೊಡನೆ ಯುದ್ಧ ನಡೆಯುತ್ತಿದ್ದ 1939ರಲ್ಲಿ ಇಲ್ಲಿ ಆರಂಭವಾದ ಪ್ರೌಢಶಾಲೆಯೊಂದು ಈ ವಲಸೆಗೆ ಕಾರಣ. 2010ರ ದಶಕದಲ್ಲಿ ಆ ಶಾಲೆಯಲ್ಲಿಯೂ, ಅದಕ್ಕೆ ಹೊಂದಿಕೊಂಡಿರುವ ಖಾಸಗಿ ಶಾಲೆಯಲ್ಲಿಯೂ ಕೂಡಿ 20,000ಕ್ಕೂ ಮಿಕ್ಕಿ ವಿದ್ಯಾರ್ಥಿಗಳು ಓದುತ್ತಿದ್ದರು. ಹಿಂದಿನ ವರ್ಷ ಅಂಕ ಸಾಲದೆ ಮತ್ತೊಮ್ಮೆ ಪರೀಕ್ಷೆಗೆ ಕೂರುವವರಿಗಾಗಿ ಆ ಖಾಸಗಿ ಶಾಲೆ. ಪರೀಕ್ಷೆಯ ಹೆಸರು ಗಾವ್‌ಕಾವ್. ‘ಉನ್ನತ ಪರೀಕ್ಷೆ’ ಎಂದು ಅದರ ಅಕ್ಷರಾರ್ಥ. ಪ್ರತಿವರ್ಷ ಜೂನ್ 7ರಂದು ಮೊದಲಾಗುವ ಈ ಪರೀಕ್ಷೆಗೆ 2024ರಲ್ಲಿ ದೇಶದಾದ್ಯಂತ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ ಮಂದಿ. ಒಟ್ಟು 750 ಅಂಕಗಳು. ಅವುಗಳಲ್ಲಿ ಚೀನೀ ಭಾಷೆಗೆ 150, ಗಣಿತಕ್ಕೆ 150, ವಿದೇಶೀ ಭಾಷೆಗೆ 150. ವಿದೇಶೀ ಭಾಷೆಯೆಂದರೆ ಬಹುಮಟ್ಟಿಗೆ ಇಂಗ್ಲಿಷೇ.

ತಾಯ್ನುಡಿಗೆ ಸಮನಾಗಿ ಪರನುಡಿಯೊಂದು ತಕ್ಕಡಿಯಲ್ಲಿ ತೂಗುವಂತಾದುದು ಬಹಳ ಹಿಂದಿನ ಮಾತೇನಲ್ಲ. 1950ರ ದಶಕದಲ್ಲಿ ಚೀನಾದ ಶಾಲೆಗಳಲ್ಲಿ ರಷ್ಯನ್ ಭಾಷೆಗೆ ಮನ್ನಣೆಯಿತ್ತು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿಯ ಬಿರುಗಾಳಿ ಎದ್ದಾಗ ಪರೀಕ್ಷೆಯೇ ನಿಂತುಹೋಯಿತು. 1977ರ ಚಳಿಗಾಲದಲ್ಲಿ ಅದು ಮತ್ತೆ ಆರಂಭವಾದಾಗ ಹೊಲಗಳಿಂದಲೂ ಕಾರ್ಖಾನೆಗಳಿಂದಲೂ 57 ಲಕ್ಷ ಮಂದಿ ಬಂದು ಕುಳಿತರು. ಪ್ರವೇಶ ದೊರೆತದ್ದು 2 ಲಕ್ಷ 70 ಸಾವಿರದಷ್ಟು ಮಂದಿಗೆ. ಮರುವರ್ಷ ವಿದೇಶೀ ಭಾಷೆಯ ಅಂಕಗಳನ್ನು ಸುಮ್ಮನೆ ಗುರುತಿಗೆಂದು ಬರೆದಿಟ್ಟುಕೊಂಡರು. ಆಮೇಲೆ ವರ್ಷವರ್ಷಕ್ಕೂ ಅದರ ತೂಕವನ್ನು ಹೆಚ್ಚಿಸುತ್ತ ಹೋಗಿ 1983ರಲ್ಲಿ ಪೂರ್ಣಾಂಕಗಳನ್ನು ಲೆಕ್ಕಕ್ಕೆ ಹಿಡಿದರು. ಬೀಜಿಂಗ್ ನಗರದಲ್ಲಿ ಇಂಗ್ಲಿಷಿನ 150ನ್ನು 100ಕ್ಕೆ ಇಳಿಸಬೇಕೆಂಬ ಪ್ರಸ್ತಾಪ 2013ರಲ್ಲಿ ಹೊರಟಿತ್ತು. ಅದು ಕಾರ್ಯರೂಪಕ್ಕೆ ಬರಲಿಲ್ಲ.

ಮಾವೊತಾನ್‌ಛಾಂಗಿನಲ್ಲಿ ಬೆಳಗಾಗುವುದು ಕಂಠಪಾಠದ ಧ್ವನಿಯೊಡನೆ. ಆರೂವರೆಯೊಳಗಾಗಿ ತರಗತಿಗಳು ತುಂಬಿರುತ್ತವೆ. ಮುಂಜಾನೆಯ ಈ ಗಟ್ಟಿ ಓದಿಗೆ ಚೀನಾದ ಶಾಲೆಗಳಲ್ಲೆಲ್ಲ ಪ್ರತ್ಯೇಕ ವೇಳೆಯೇ ಉಂಟು. ಒಂದು ದಿನ ಪ್ರಾಚೀನ ಚೀನೀ ಕಾವ್ಯ, ಮರುದಿನ ಇಂಗ್ಲಿಷ್ ಶಬ್ದಗಳ ಪಟ್ಟಿ. ಐವತ್ತು ಅರುವತ್ತು ಕಂಠಗಳು ಒಟ್ಟಿಗೆ ಏರುತ್ತವೆ, ಯಾರ ದನಿಯೂ ಮತ್ತೊಬ್ಬರ ಕಿವಿಗೆ ಬೀಳುವುದಿಲ್ಲ. ಮೂರು ಸಾವಿರದಿಂದ ಮೂರೂವರೆ ಸಾವಿರ ಶಬ್ದಗಳನ್ನು ಹೀಗೆ ವಶಮಾಡಿಕೊಳ್ಳಬೇಕು. ಶಬ್ದ ಬಂದರೂ ಸಾಲದು, ಅದರ ವೇಷಗಳೂ ತಿಳಿದಿರಬೇಕು. ‘ಬುಕ್’ ಎಂದರೆ ಪುಸ್ತಕವೆಂದು ಮೊದಲ ವರ್ಷವೇ ಕಲಿತ ಹುಡುಗ, ಅದೇ ಶಬ್ದ ಪ್ರವಾಸದ ಜಾಹೀರಾತಿನಲ್ಲಿ ಸ್ಥಳ ಕಾದಿರಿಸುವುದೆಂಬ ಅರ್ಥದಲ್ಲಿ ಎದುರಾದಾಗ ತಬ್ಬಿಬ್ಬಾಗುತ್ತಾನೆ. ‘ಪರಿಚಿತ ಶಬ್ದ, ಅಪರಿಚಿತ ಅರ್ಥ’ ಎಂಬ ತಲೆಬರಹದ ಕೆಳಗೆ ಇಂತಹವನ್ನೇ ಪಟ್ಟಿಮಾಡಿದ ಪುಟ್ಟ ಪುಸ್ತಕಗಳು ಚೀನಾದಲ್ಲಿ ಬೇಕಾದಷ್ಟಿವೆ.

ಶಬ್ದಗಳಿಗಿಂತ ದೊಡ್ಡ ತೊಡಕು ವಾಕ್ಯದ್ದು. ಕನ್ನಡದ ಓದುಗರಿಗೆ ಇಲ್ಲಿ ಒಂದು ಸ್ವಾರಸ್ಯ ಕಂಡೀತು. ‘ನಿನ್ನೆ ಬೆಟ್ಟದಿಂದ ಬಂದ ಹುಡುಗ’ ಎಂದು ಕನ್ನಡದಲ್ಲಿ ಹೇಳುವಾಗ ವಿಶೇಷಣವೆಲ್ಲ ಮುಂದೆ ನಿಂತು, ಹುಡುಗನು ಕೊನೆಗೆ ಬರುತ್ತಾನೆ. ಚೀನೀ ಭಾಷೆಯಲ್ಲಿಯೂ ಹಾಗೆಯೇ. ವಿವರಣೆ ಮುಗಿದ ಮೇಲೆ ‘ದ’ ಎಂಬ ಪುಟ್ಟ ಅವ್ಯಯ, ಅನಂತರ ಹುಡುಗ. ಇಂಗ್ಲಿಷಿನವನಾದರೋ ಹುಡುಗನನ್ನು ಮೊದಲೇ ತಂದು ನಿಲ್ಲಿಸಿ, ಅವನ ಬೆನ್ನಿಗೆ ಬಾಲದಂತೆ ಬೆಟ್ಟವನ್ನೂ ನಿನ್ನೆಯನ್ನೂ ಕಟ್ಟುತ್ತಾನೆ. ಅದಲ್ಲದೆ ಚೀನೀ ಕ್ರಿಯಾಪದಕ್ಕೆ ಕಾಲಸೂಚಕ ರೂಪಭೇದವಿಲ್ಲ. ಬಹುವಚನಕ್ಕೆ ನಾಮಪದ ಮಣಿಯುವುದಿಲ್ಲ. ಆದ್ದರಿಂದ ಅಧ್ಯಾಪಕರು ಕಪ್ಪುಹಲಗೆಯ ಮೇಲೆ ‘ಉದ್ದ ಕಷ್ಟದ ವಾಕ್ಯ’ವೊಂದನ್ನು ಬರೆದು ಮೀನನ್ನು ಕೊಯ್ಯುವಂತೆ ಕೊಯ್ಯುತ್ತಾರೆ: ಮುಖ್ಯ ಕ್ರಿಯಾಪದದ ಕೆಳಗೆ ಎರಡು ಗೆರೆ, ಉಪವಾಕ್ಯಗಳಿಗೆ ಆವರಣ ಚಿಹ್ನೆ. ಚಿಹ್ನೆಯ ಒಳಗಿನದನ್ನು ತೆಗೆದುಹಾಕಿದರೆ ಬೆನ್ನೆಲುಬು ಉಳಿಯುತ್ತದೆ. ವ್ಯಾಕರಣ ಇಷ್ಟು ಗಂಭೀರವಾಗಿ ಬದುಕಿಗೆ ಹತ್ತಿಕೊಂಡಿರುವ ಊರು ಲೋಕದಲ್ಲಿ ಬೇರೊಂದಿರುವುದು ಅಪರೂಪ.

ಇಂಗ್ಲಿಷ್ ಪರೀಕ್ಷೆಯ ಕಾಲಾವಧಿ ಎರಡು ಗಂಟೆ. ಹೊಸ ಮಾದರಿಯ ರಾಷ್ಟ್ರೀಯ ಪ್ರಶ್ನೆಪತ್ರಿಕೆಯಲ್ಲಿ ಓದಿ ಗ್ರಹಿಸುವ ಭಾಗಕ್ಕೇ 50 ಅಂಕಗಳು. ಮೊದಲು ನಾಲ್ಕು ಗದ್ಯಭಾಗಗಳು, ಅವುಗಳ ಮೇಲೆ 15 ಪ್ರಶ್ನೆಗಳು, ಪ್ರತಿಯೊಂದಕ್ಕೂ ಎರಡೂವರೆ ಅಂಕ. ಬಳಿಕ ಐದು ವಾಕ್ಯಗಳನ್ನು ಕಿತ್ತು ತೆಗೆದ ಇನ್ನೊಂದು ಪ್ರಬಂಧ. ಕೆಳಗೆ ಕೊಟ್ಟ ಏಳು ವಾಕ್ಯಗಳಲ್ಲಿ ಐದನ್ನು ಆರಿಸಿ ಆಯಾ ಗಾಯಕ್ಕೆ ಹೊಲಿಯಬೇಕು, ಉಳಿದೆರಡು ಮೋಸಕ್ಕೆಂದೇ ಇಟ್ಟವು. ಎರಡೂವರೆ ಅಂಕವೆಂದರೆ ಅಲ್ಪವೆನಿಸಬಹುದು. ಆದರೆ ಒಂದೇ ಅಂಕದ ಅಂತರದಲ್ಲಿ ಒಂದು ಪ್ರಾಂತದ ಪಟ್ಟಿಯಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಮಂದಿ ಸಾಲುಗಟ್ಟಿ ನಿಂತಿರುತ್ತಾರೆ.

ಆದುದರಿಂದ ಇಲ್ಲಿ ಕಲಿಸುವ ಓದು ಒಂದು ಬಗೆಯ ಬೇಟೆ. ಮೊದಲು ಪ್ರಶ್ನೆಯನ್ನು ನೋಡು, ಆಮೇಲೆ ಗದ್ಯಕ್ಕೆ ಇಳಿ. ‘ಆದರೆ’ ಎಂಬುದು ಕಂಡಲ್ಲಿ ಗುರುತು ಹಾಕು. ಲೇಖಕನ ಮನಸ್ಸು ಅದರ ಹಿಂದೆ ಅಡಗಿರುತ್ತದೆ. ಗದ್ಯದ ಮಾತನ್ನೇ ಯಥಾವತ್ತಾಗಿ ಎತ್ತಿಕೊಂಡು ಬಂದ ಉತ್ತರವನ್ನು ಶಂಕಿಸು. ಅದೇ ಅರ್ಥವನ್ನು ಬೇರೆ ಉಡುಪಿನಲ್ಲಿ ತೋರಿಸುವ ಉತ್ತರವನ್ನು ನಂಬು. ‘ಎಂದೆಂದಿಗೂ’, ‘ಎಲ್ಲರೂ’, ‘ಮಾತ್ರ’ ಎಂದು ಖಂಡಿತವಾಗಿ ನುಡಿಯುವ ಉತ್ತರದಿಂದ ದೂರವಿರು. ಇವು ಕೆಟ್ಟ ಸೂತ್ರಗಳೇನಲ್ಲ. ಎಚ್ಚರದಿಂದ ಓದುವವನಿಗೆ ಯಾವ ಭಾಷೆಯಲ್ಲಿಯೂ ಉಪಯೋಗಕ್ಕೆ ಬಂದಾವು. ಆದರೆ ಗದ್ಯವೊಂದು ಮುಗಿದ ಮೇಲೆ ಮುಂದೇನಾಯಿತೆಂದು ಕೇಳುವ ಹುಡುಗಿಗೆ ಅಲ್ಲಿ ಉತ್ತರವಿಲ್ಲ. ಮುಂದಿನ ಗದ್ಯ ಕಾದಿರುತ್ತದೆ.

ಬೇಟೆಯ ಮಿಗಗಳಾದರೋ ವಿಚಿತ್ರವಾದವು. 2023ರ ರಾಷ್ಟ್ರೀಯ ಪತ್ರಿಕೆಗಳಲ್ಲೊಂದರ ಮೊದಲ ಗದ್ಯಭಾಗ ಆಮ್‌ಸ್ಟರ್‌ಡಾಮ್ ನಗರದಲ್ಲಿ ಸೈಕಲ್ ಬಾಡಿಗೆಗೆ ಕೊಡುವ ಅಂಗಡಿಯ ಪ್ರಕಟಣೆ. ಕೈಬ್ರೇಕಿನ ಸೈಕಲ್ಲಿಗೆ ಗಂಟೆಗೆ ಇಷ್ಟು, ಕಾಲುಬ್ರೇಕಿನದಕ್ಕೆ ಅಷ್ಟು. ಯುರೋಪನ್ನು ಕಾಣದ ಲಕ್ಷಾಂತರ ಮಕ್ಕಳು ಅಂದು ಆ ಬಾಡಿಗೆಯನ್ನು ಲೆಕ್ಕ ಹಾಕಿದರು. ಅದೇ ಪತ್ರಿಕೆಯ ಮೂರನೆಯ ಭಾಗ, ಮೊಬೈಲ್ ಫೋನು ಮುಂತಾದ ಯಂತ್ರಗಳ ಹಾವಳಿಯನ್ನು ಕಡಿಮೆ ಮಾಡಿಕೊಂಡು ಬಾಳುವುದು ಹೇಗೆಂಬ ಪುಸ್ತಕವನ್ನು ಕುರಿತದ್ದು. ಮಾವೊತಾನ್‌ಛಾಂಗ್ ಶಾಲೆಯಲ್ಲಿ ಫೋನುಗಳಿಗೆ ಮೊದಲಿನಿಂದಲೂ ನಿಷೇಧ. ಕೆಲವು ವಸತಿಗೃಹಗಳಲ್ಲಿ ವಿದ್ಯುತ್ ಸಾಕೆಟ್ ಕೂಡ ಇರಿಸಿರಲಿಲ್ಲವೆಂದು 2010ರ ದಶಕದಲ್ಲಿ ಹೋದ ಪತ್ರಕರ್ತರು ಬರೆದಿದ್ದಾರೆ. ಆ ಪುಸ್ತಕದ ಬೋಧೆ ಅಲ್ಲಿಯವರಿಗೆ ಹೊಸದಾಗಿ ಬೇಕಿರಲಿಲ್ಲ.

ಮಕ್ಕಳ ಜೊತೆಗೆ ಬಂದು ನಿಂತ ತಾಯಂದಿರಿಗೆ ಚೀನೀ ಭಾಷೆಯಲ್ಲಿ ಒಂದು ಹೆಸರಿದೆ, ‘ಪೆಯ್‌ದು’. ಓದಿಗೆ ಜೊತೆಗಿರುವುದು ಎಂದರ್ಥ. ತಂದೆ ದೂರದ ನಗರದಲ್ಲಿ ದುಡಿಯುತ್ತಾನೆ. ತಾಯಿ ಕೆಲಸ ಬಿಟ್ಟು ಬಂದು ಶಾಲೆಯ ಸುತ್ತಿನ ಇಕ್ಕಟ್ಟಾದ ಬಾಡಿಗೆ ಕೋಣೆಯೊಂದರಲ್ಲಿ ಬೇಯಿಸಿ, ಒಗೆದು, ನಡುಹಗಲಿನಲ್ಲಿ ಡಬ್ಬಿಯಲ್ಲಿ ಅನ್ನ ತುಂಬಿಕೊಂಡು ಶಾಲೆಯ ಬಾಗಿಲಿಗೆ ಹೋಗುತ್ತಾಳೆ. ಮಗಳು ಹತ್ತೂ ಮುಕ್ಕಾಲು, ಹನ್ನೊಂದು ಗಂಟೆಯ ಹೊತ್ತಿಗೆ ಮರಳಿ ಬಂದಾಗ ಕಾಲು ತೊಳೆಯಲು ಬಿಸಿನೀರು ಸಿದ್ಧವಾಗಿರುತ್ತದೆ. ಮಗಳ ಮುಂದಿರುವ ಹಾಳೆಯ ಒಂದಕ್ಷರವನ್ನೂ ಓದಲಾರದ ತಾಯಂದಿರು ಇವರಲ್ಲಿ ಅನೇಕರು. ಆದರೆ ಅಂಕಗಳನ್ನು ಓದಬಲ್ಲರು. ಶಾಲೆಯ ಗೋಡೆಯ ಪಕ್ಕದಲ್ಲಿ ಒಂದು ಹಳೆಯ ಮರವಿದೆ; ಅದರ ಬುಡದಲ್ಲಿ ಅವರು ಹಚ್ಚಿದ ಊದುಬತ್ತಿಗಳ ಬೂದಿ ರಾಶಿಬೀಳುತ್ತಿತ್ತು.

ಇದನ್ನೆಲ್ಲ ಯಂತ್ರವೆಂದು ಹಳಿಯುವುದು ಸುಲಭ. ಚೀನಾದಲ್ಲಿಯೇ ಹಾಗೆ ಹಳಿದವರು ಕಡಿಮೆಯಿಲ್ಲ. ವಿಶ್ವವಿದ್ಯಾನಿಲಯಗಳ ಸ್ಥಾನಗಳು ಪ್ರಾಂತವಾರು ಹಂಚಿಕೆಯಾಗುವ ಆ ದೇಶದಲ್ಲಿ ಬೀಜಿಂಗಿನ ವಿದ್ಯಾರ್ಥಿಗಿಂತ ಆನ್‌ಹುಯಿಯ ರೈತನ ಮಗ ಹೆಚ್ಚು ಅಂಕ ಗಳಿಸಿದರಷ್ಟೆ ಅದೇ ಕಾಲೇಜಿನ ಹೊಸ್ತಿಲನ್ನು ಮೆಟ್ಟುತ್ತಾನೆ. ಶ್ರೀಮಂತನ ಮಗನಿಗೆ ವಿದೇಶವುಂಟು. ಉಳಿದವನಿಗೆ ಎರಡೂವರೆ ಅಂಕದ ಆ ಪ್ರಶ್ನೆಗಳೇ ಗತಿ. ಆಮ್‌ಸ್ಟರ್‌ಡಾಮಿನ ಸೈಕಲ್ಲಿನ ಬಾಡಿಗೆಯನ್ನು ಆ ತಾಯಿ ಮಗಳ ಪರವಾಗಿ ಊರುಬಿಟ್ಟು ತೆರುತ್ತಿದ್ದಾಳೆ ಎಂದರೆ ತಪ್ಪಾಗಲಾರದು.

ಜೂನ್ 5ರಂದು ವಿದ್ಯಾರ್ಥಿಗಳನ್ನು ಲು-ಆನ್ ನಗರದ ಪರೀಕ್ಷಾ ಕೇಂದ್ರಗಳಿಗೆ ಕಳುಹಿಸಿಕೊಡುವ ದೃಶ್ಯ 2010ರ ದಶಕದಲ್ಲಿ ದೇಶಪ್ರಸಿದ್ಧವಾಯಿತು. 2015ರಲ್ಲಿ ಸರಕಾರಿ ದೂರದರ್ಶನದ ಸಾಕ್ಷ್ಯಚಿತ್ರವೊಂದು ಈ ಊರನ್ನು ಮನೆಮನೆಗೂ ಒಯ್ದಿತು. ಎಂಟು ಮಂಗಳಕರ ಸಂಖ್ಯೆಯೆಂದು ಮೊದಲ ಬಸ್ಸು ಹೊರಡುತ್ತಿದ್ದುದು 8 ಗಂಟೆ 8 ನಿಮಿಷಕ್ಕೆ. ಮುಂದಿನ ಬಸ್ಸುಗಳ ನೋಂದಣಿ ಸಂಖ್ಯೆಯ ಕೊನೆಯಲ್ಲಿಯೂ ಎಂಟು. ಕುದುರೆ ತಲುಪಿದೊಡನೆ ಗೆಲುವು ಎಂಬ ನಾಣ್ಣುಡಿಗೆ ಹೊಂದುವಂತೆ ಚಾಲಕನು ಕುದುರೆಯ ವರ್ಷದಲ್ಲಿ ಹುಟ್ಟಿದವನು. ಬೀದಿಯ ಇಕ್ಕೆಲಗಳಲ್ಲಿ ಸಾವಿರಾರು ಜನ. ಕೂಗು, ಅಳು, ಪಟಾಕಿ.

ಜೂನ್ 8ರ ಮಧ್ಯಾಹ್ನ ಮೂರು ಗಂಟೆಗೆ ಇಂಗ್ಲಿಷ್ ಪರೀಕ್ಷೆ. ಧ್ವನಿಮುದ್ರಿಕೆಯನ್ನು ಕೇಳಿ ಉತ್ತರಿಸುವ ಭಾಗವಿರುವೆಡೆಯಲ್ಲಿ ಸುತ್ತಮುತ್ತ ಹಾರನ್ ಊದದಂತೆ ಪೊಲೀಸರು ರಸ್ತೆಗಳನ್ನು ಕಾಯುತ್ತಾರೆ. ಒಳಗೆ ಮಕ್ಕಳು ಮೆದು ಪೆನ್ಸಿಲಿನಿಂದ ಉತ್ತರದ ಚೌಕಗಳನ್ನು ಕಪ್ಪು ಮಾಡುತ್ತಾರೆ. ಬರೆಯುವ ಉತ್ತರಗಳನ್ನು ಪರೀಕ್ಷಕರು ಗಣಕದ ಪರದೆಯ ಮೇಲೆ ತಿದ್ದುವರಾದ್ದರಿಂದ, ಕಣ್ಣಿಗೆ ಹಿತವಾಗಲೆಂದು ಅಚ್ಚಿನಂತಹ ದುಂಡನೆಯ ಇಂಗ್ಲಿಷ್ ಅಕ್ಷರಗಳನ್ನು ವರ್ಷಗಟ್ಟಲೆ ತಿದ್ದಿದ ಬೆರಳುಗಳು ಅವು; ಹೆಬೆಯ್ ಪ್ರಾಂತದ ಹೆಂಗ್‌ಶುಯಿ ಎಂಬ ಊರಿನ ಶಾಲೆಯಿಂದ ಹೊರಟ ಆ ಬರಹಕ್ಕೆ ಊರಿನ ಹೆಸರೇ ನಿಂತಿದೆ.

ಐದು ಗಂಟೆಗೆ ಹಾಳೆಗಳನ್ನು ಹಿಂದಕ್ಕೆ ಪಡೆಯುತ್ತಾರೆ. ಈಗ ಅನೇಕ ಪ್ರಾಂತಗಳಲ್ಲಿ ಐಚ್ಛಿಕ ವಿಷಯಗಳಿಗಾಗಿ ಇನ್ನೂ ಒಂದೆರಡು ದಿನ ಉಳಿದಿರುತ್ತವೆ. ಅವೂ ಮುಗಿದ ಮೇಲೆ ಕೋಣೆಗಳು ಖಾಲಿಯಾಗುತ್ತವೆ. ಎದೆಯೆತ್ತರಕ್ಕೆ ಬೆಳೆದಿದ್ದ ಅಭ್ಯಾಸಪತ್ರಿಕೆಗಳ ರಾಶಿಯನ್ನು ಹಳೆಯ ಕಾಗದದ ವ್ಯಾಪಾರಿ ತಕ್ಕಡಿಗೆ ಹಾಕುತ್ತಾನೆ. ತಾಯಿ ಹಾಸಿಗೆಯನ್ನು ಸುತ್ತಿ ಹಗ್ಗ ಬಿಗಿಯುತ್ತಾಳೆ. ಮನೆಯ ಯಜಮಾನ ಬಾಗಿಲ ಬಳಿ ನಿಂತು, ಬರುವ ಬಾಡಿಗೆದಾರರಿಗೆ ಗೋಡೆಗೆ ಸುಣ್ಣ ಹೊಡೆಸಬೇಕೇ ಬೇಡವೇ ಎಂದು ನೋಡುತ್ತಿರುತ್ತಾನೆ.