ಯಾರ್ಡಿನಲ್ಲಿ ನಿಂತ ಕಬ್ಬು

ಕೂಳೆ ಕಬ್ಬಿಗೆ ನೀರು ಬಿಟ್ಟು ಬದುವಿನ ಮೇಲೆ ಕೂತು ಬರೀತಾ ಇದೀನಿ. ನೆನ್ನೆ ನಮ್ಮೂರ ಹುಡುಗನೊಬ್ಬ ಬಂದು, "ಅಣ್ಣ, ಫ್ಯಾಕ್ಟ್ರೀಲಿ ಸೀಸನ್ ಕೆಲಸ ಸಿಗ್ತದಂತೆ, ಸೇರ್ಕೊಳ್ಲಾ?" ಅಂದ. ಸೇರ್ಕೋ ಅಂದುಬಿಟ್ಟೆ. ಆಮೇಲೆ ರಾತ್ರಿ ನಿದ್ದೆ ಬರ್ಲಿಲ್ಲ.

ನಾನೂ ಒಂದು ದೊಡ್ಡ ಸಕ್ಕರೆ ಕಾರ್ಖಾನೇಲಿ ಎಂಟು ಸೀಸನ್ ತೂಕದ ಚೀಟಿ ಬರೆದವನು. ಹೆಸರು ಬೇಡ. ಅಷ್ಟರಲ್ಲಿ ಐದು ಜನ ಎಂ.ಡಿ. ಬಂದು ಹೋದ್ರು. ಬಾಯ್ಲರ್ ಪೂಜೆ ದಿನ ಬಿಟ್ಟರೆ ಒಬ್ಬರೂ ಯಾರ್ಡಿಗೆ ಕಾಲಿಟ್ಟಿದ್ದು ನಾ ಕಾಣೆ. ಸಂಬಳ ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ. ಬಾಯ್ಲರ್ ಹತ್ರ ಒಬ್ಬರು ಹಳಬರಿದ್ರು, ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಅನ್ನೋರು. ಟ್ಯೂಬ್ ಸೋರ್ತಾ ಇದೆ, ಸೀಸನ್ನಿಗೆ ಮುಂಚೆ ಬದಲಾಯಿಸಿ ಅಂತ ಎರಡು ಸಲ ಬರೆದುಕೊಟ್ರು. ಎರಡನೇ ಸಲ "ನೀನೇನು ಇಂಜಿನಿಯರಾ?" ಅಂತ ಬೈಸಿಕೊಂಡು ಬಂದ್ರು. ಆಮೇಲೆ ಸದ್ದು ಬಂದ್ರೂ ಹೊರಗೆ ಹೋಗಿ ಬೀಡಿ ಹಚ್ಚೋರು.

ಎಲ್ಲರೂ ಹಂಗೇ ಆಗಿದ್ವಿ. ಸೋಮಾರಿಗಳು ಅಂತಲ್ಲ. ಅದೇ ಜನ ಶಿಫ್ಟ್ ಮುಗಿಸಿ ಸ್ವಂತ ಗದ್ದೇಲಿ ಕತ್ತಲಾಗೋವರ್ಗೂ ಗೇಯೋರು.

ಒಂದು ವರ್ಷ ಜನವರೀಲಿ ಬಾಯ್ಲರ್ ನಿಂತೇ ಹೋಯ್ತು. ಕಡಿದ ಕಬ್ಬು ಒಂದು ದಿನದೊಳಗೆ ಅರೆದರೆ ಸರಿ, ತಡ ಆದಷ್ಟೂ ತೂಕ ಇಳೀತದೆ, ಸಕ್ಕರೆ ಇಳುವರಿ ಬೀಳ್ತದೆ. ಇಳುವರಿ ಬಿದ್ದರೆ ಮುಂದಿನ ಸೀಸನ್ನಿಗೆ ಎಲ್ಲರ ರೇಟಿಗೂ ಏಟು. ಅವತ್ತೇ ಕಟಾವು ಪರ್ಮಿಟ್ ನಿಲ್ಲಿಸಬೇಕಿತ್ತು. ನಿಲ್ಲಿಸಿ ಅನ್ನೋ ಅಧಿಕಾರ ಇದ್ದೋರು ಬೆಂಗಳೂರಲ್ಲಿ ಮೀಟಿಂಗು. ಫೀಲ್ಡ್‌ಮ್ಯಾನ್‌ಗಳು "ಆರ್ಡರ್ ಬರಲಿ" ಅಂದ್ರು. ರೈತರು ಕೇಳಿದ್ರೆ ನಾಳೆ ಶುರು ಅನ್ನಿ ಅಂತ ಮೇಲಿಂದ ಮಾತು. ನಾಲ್ಕು ದಿನ ನಾಳೆ ನಾಳೆ ಅಂದ್ವಿ. ಗಾಡಿ ಬರ್ತಾನೇ ಇದ್ವು. ಎತ್ತುಗಳಿಗೆ ಮೇವಿಲ್ಲದೆ ಲೋಡಿನ ಸೋಗೆಯನ್ನೇ ಎಳೆದು ಹಾಕ್ತಿದ್ರು.

ಎರಡನೇ ದಿನ ನಮ್ಮ ಪಕ್ಕದ ಜಮೀನಿನ ದೊಡ್ಡಪ್ಪ ಫೋನ್ ಮಾಡಿ, "ಮಗಾ, ಆಳು ಸಿಕ್ಕವ್ರೆ, ಕಡಿಸ್ಲಾ?" ಅಂದ್ರು. "ಪರ್ಮಿಟ್ ಬಂದಿದ್ರೆ ಕಡಿಸಿ ದೊಡ್ಡಪ್ಪ" ಅಂದೆ. ಹೊರಗೆ ಸುದ್ದಿ ಬಿಟ್ಟವರ ಹೆಸರು ಮುಂದಿನ ಸೀಸನ್ ಲಿಸ್ಟಲ್ಲಿ ಇರಲ್ಲ ಅಂತ ಬೆಳಿಗ್ಗೆ ತಾನೇ ಹೆದರಿಸಿದ್ರು. ಮಗಳ ಪಿಯುಸಿ ಫೀಸು ತಲೇಲಿತ್ತು. ಆದ್ರೂ ಬೇಡ ಅನ್ನಬಹುದಿತ್ತು.

ಅವರ ಲೋಡು ಮೂರು ದಿನ ಬಿಸಿಲಲ್ಲಿ ನಿಂತಿತು. ತೂಕದ ಚೀಟಿ ಬರೆದವನೂ ನಾನೇ. ಅವರ ಅಂದಾಜಿಗಿಂತ ಒಂದು ಟನ್ ಕಮ್ಮಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ. 15 ಬಡ್ಡಿ. ದೊಡ್ಡಪ್ಪನಿಗೆ ಬಂದಿದ್ದು ಯುಗಾದಿ ಕಳೆದ ಮೇಲೆ. ಬಡ್ಡಿ ಮಾತೇ ಇಲ್ಲ.

ಅವರು ಬೈಲಿಲ್ಲ. "ನಿನಗೆ ಗೊತ್ತಿತ್ತಾ ಮಗಾ?" ಅಂತ ಒಂದೇ ಮಾತು ಕೇಳಿದ್ರು. ಇಲ್ಲ ಅಂದೆ. ಮುಂದಿನ ವರ್ಷದಿಂದ ಕಬ್ಬನ್ನ ಆಲೆಮನೆಗೆ ಹಾಕಿದ್ರು. ನಾನು ಇನ್ನೂ ಎರಡು ಸೀಸನ್ ಅಲ್ಲೇ ಚೀಟಿ ಬರೆದೆ.

ಅವರು ತೀರಿಕೊಂಡು ಆರು ವರ್ಷ ಆಯ್ತು. ಆ ಹುಡುಗ ಸಂಜೆ ಬರ್ತಾನೆ, ಇದನ್ನ ಅವನಿಗೆ ಹೇಳಬೇಕು. ಈ ಸಾಲು ತುಂಬ್ತು, ನೀರು ತಿರುಗಿಸಿ ಬರ್ತೀನಿ.