ಷಷ್ಟಿಪೂರ್ತಿಯ ಸಂಗಮಯಾತ್ರೆ

ಪ್ರಭವಾದಿ ಅರುವತ್ತು ಸಂವತ್ಸರಗಳ ಚಕ್ರವು ಒಂದು ಸುತ್ತು ತಿರುಗಿ, 1965ರಲ್ಲಿ ನಾವು ಹುಟ್ಟಿದ ವಿಶ್ವಾವಸುವೇ 2025ರಲ್ಲಿ ಮರಳಿ ಬಂದಿತು. ಕೋಣನಕುಂಟೆಯ ಮನೆಯಲ್ಲಿ ಶನಿವಾರ ಶಾಂತಿಹೋಮವನ್ನು ಮುಗಿಸಿ, ಭಾನುವಾರ ಮಕ್ಕಳು ಮೊಮ್ಮಕ್ಕಳೊಡನೆ ಕನಕಪುರದ ಮಾರ್ಗವಾಗಿ ಸಂಗಮಕ್ಕೆ ಹೊರಟೆವು. ಪಾಲುಪಾರೀಕತ್ತಿನ ದೆಸೆಯಿಂದ ಹನ್ನೆರಡು ವರ್ಷ ಮಾತುಬಿಟ್ಟಿದ್ದ ನಮ್ಮ ಅಣ್ಣನವರೂ ಮಗನು ಕರೆದುದಕ್ಕೆ ಬಂದಿದ್ದರು, ದಾರಿಯುದ್ದಕ್ಕೂ ಮೌನವೇ.

ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಯು ಅಲ್ಲಿ ಕಾವೇರಿಯನ್ನು ಕೂಡುತ್ತದೆ. ಮೇಕೆದಾಟಿನ ಕಮರಿಯು ಇನ್ನೂ ಕೆಳಗಿದೆ. ಸುಳಿಗಳ ಭಯದಿಂದ ಸ್ನಾನಕ್ಕಿಳಿಯದೆ ದಡದಲ್ಲಿಯೇ ಕೈಕಾಲು ತೊಳೆಯಹೋದಾಗ ನಮ್ಮ ಕಾಲು ಜಾರಿತು.

“ಜೋಕೆ, ತಮ್ಮಾ!” ಎಂದು ಅಣ್ಣನವರು ತೋಳನ್ನು ಹಿಡಿದರು, ದಡವೇರಿದ ಮೇಲೂ ಬಿಡಲಿಲ್ಲ. ವಾಚಕರೇ, ಆ ಷಷ್ಟಿಪೂರ್ತಿಯಲ್ಲಿ ನಮಗೆ ದೊರೆತ ಆಶೀರ್ವಾದಗಳಲ್ಲಿ ಇದೇ ಮೊದಲನೆಯದು. ಮೊಸರನ್ನದ ಬುತ್ತಿಯನ್ನು ಇಬ್ಬರೂ ಒಂದೇ ಎಲೆಯಲ್ಲಿ ಉಂಡೆವು.