ಸಪೂರವೋ, ಬಡಕಲೋ?

ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿನಲ್ಲಿ ಇಂಗ್ಲಿಷಿಗೆ ಎದುರಾದವರ ಬಳಿ ಸಾಮಾನ್ಯವಾಗಿ ಒಂದು ನೋಟ್‌ಬುಕ್ ಇರುತ್ತದೆ. ಎಡಗಡೆ ಪದ, ನಡುವೆ ಅರ್ಥ, ಬಲಗಡೆ ಸಮಾನಾರ್ಥಕಗಳು. ನನ್ನ ಬಳಿಯೂ ಇತ್ತು. ದಿನಕ್ಕೆ 10 ಪದ ಉರು ಹೊಡೆಯುತ್ತಿದ್ದೆ. ಪದ ಹೆಚ್ಚಿದ ಹಾಗೆ ಧೈರ್ಯ ಹೆಚ್ಚಲಿಲ್ಲ. ತರಗತಿಯಲ್ಲಿ ಎದ್ದು ನಿಂತರೆ ಒಂದೇ ಅರ್ಥದ ನಾಲ್ಕು ಪದ ಒಟ್ಟಿಗೆ ನಾಲಿಗೆಗೆ ಬರುತ್ತಿದ್ದವು. ಯಾವುದನ್ನು ಆಡಲಿ ಎಂದು ಯೋಚಿಸುವಷ್ಟರಲ್ಲಿ ಮೇಷ್ಟ್ರು ಮುಂದಿನ ಬೆಂಚಿಗೆ ಹೋಗಿರುತ್ತಿದ್ದರು.

ಥಿನ್, ಸ್ಲಿಮ್, ಲೀನ್, ಸ್ಕಿನ್ನಿ. ನಾಲ್ಕರ ಮುಂದೆಯೂ ‘ತೆಳ್ಳಗಿನ’ ಎಂದೇ ಬರೆದಿತ್ತು. ಇವುಗಳ ನಡುವಿನ ಅಂತರ ತೋರಿಸಿದ್ದು ನಮ್ಮಜ್ಜಿ. ಅವಳಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಚಿಕ್ಕಪ್ಪನಿಗೆ ಹೆಣ್ಣು ನೋಡಿ ಬಂದ ಅತ್ತೆ, “ಹುಡುಗಿ ಸಪೂರ ಇದಾಳೆ” ಅಂದರು. ಅಜ್ಜಿ ತಕ್ಷಣ ಕೇಳಿದಳು: “ಸಪೂರವೋ, ಬಡಕಲೋ? ಸರಿಯಾಗಿ ಹೇಳು.”

ನಿಘಂಟಿನಲ್ಲಿ ಅಕ್ಕಪಕ್ಕ ಕೂರುವ ಆ ಎರಡು ಪದಗಳ ನಡುವೆ ಒಂದು ಸಂಬಂಧವೇ ಕೂಡಿಬರುವುದೋ ಮುರಿಯುವುದೋ ನಿಂತಿತ್ತು. ಸ್ಲಿಮ್ ನಮ್ಮ ಸಪೂರ, ಸ್ಕಿನ್ನಿ ನಮ್ಮ ಬಡಕಲು. ಲೀನ್ ಎಂದರೆ ಬೊಜ್ಜಿಲ್ಲದ, ಕಸುವಿರುವ ಮೈ. ಥಿನ್ ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ.

ಅಂದಿನಿಂದ ಪ್ರತಿ ಗುಂಪಿಗೂ ಕನ್ನಡದ ಕಿವಿ ಕೊಡತೊಡಗಿದೆ. ಪಕ್ಕದ ಮನೆ ತಾತ ತೀರಿಕೊಂಡರು, ಪತ್ರಿಕೆಯಲ್ಲಿ ಸಾಹಿತಿ ನಿಧನರಾದರು, ಹರಟೆಕಟ್ಟೆಯಲ್ಲಿ ಯಾರೋ ಗೊಟಕ್ ಅಂದ. ಇಂಗ್ಲಿಷಿನ ‘ಪಾಸ್ಡ್ ಅವೇ’, ‘ಡಿಮೈಸ್’, ‘ಕಿಕ್ಡ್ ದ ಬಕೆಟ್’ಗಳನ್ನು ಇದಕ್ಕಿಂತ ಚೆನ್ನಾಗಿ ಯಾವ ವ್ಯಾಖ್ಯೆ ವಿವರಿಸೀತು?

ಈ ಹೋಲಿಕೆಗೆ ಚರಿತ್ರೆಯ ಬೆಂಬಲವೂ ಇದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆ ಭಾಷೆಗೆ ಫ್ರೆಂಚ್ ಪದಗಳು ಹರಿದುಬಂದವು. ಮುಂದೆ ವಿದ್ವಾಂಸರು ಲ್ಯಾಟಿನ್ನಿನಿಂದಲೂ ತಂದರು. ಹೀಗಾಗಿ ‘ಆಸ್ಕ್’ ಮನೆಮಾತು, ‘ಕ್ವೆಶ್ಚನ್’ ಸ್ವಲ್ಪ ಬಿಗಿ, ‘ಇಂಟರಾಗೇಟ್’ ಪೊಲೀಸ್ ಠಾಣೆ. ಕೇಳು, ಪ್ರಶ್ನಿಸು, ವಿಚಾರಣೆ ನಡೆಸು ಎಂಬ ಮೆಟ್ಟಿಲನ್ನು ದಿನವೂ ಹತ್ತಿಳಿಯುವ ನಮಗೆ ಇದು ಹೊಸದೇನಲ್ಲ. ಹೂವನ್ನು ಮುಡಿಯುತ್ತೇವೆ, ಪುಷ್ಪವನ್ನು ಅರ್ಪಿಸುತ್ತೇವೆ.

ವೈದ್ಯರಾಗಿದ್ದ ಪೀಟರ್ ಮಾರ್ಕ್ ರೋಜೆ 1852ರಲ್ಲಿ ಪ್ರಕಟಿಸಿದ ಥೆಸಾರಸ್‌ನಲ್ಲಿ ಪದಗಳನ್ನು ವಿಚಾರಗಳ ಪ್ರಕಾರ ಗುಂಪು ಮಾಡಿದ್ದರೇ ಹೊರತು ಅರ್ಥ ಕೊಟ್ಟಿರಲಿಲ್ಲ. ಪದಗಳ ಪರಿಚಯ ಇದ್ದವರಿಗೆ ಸರಿಯಾದದ್ದನ್ನು ನೆನಪಿಸುವ ಪುಸ್ತಕ ಅದು. ಪರಿಚಯವೇ ಇಲ್ಲದವರು ಅಂಥ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಮದುವೆಮನೆಯಲ್ಲಿ ಎಲ್ಲರ ಹೆಸರು ಗೊತ್ತಿದ್ದು ಯಾರು ಯಾರ ಕಡೆಯವರು ಎಂದು ತಿಳಿಯದ ಸ್ಥಿತಿ. ವಿದೇಶದಲ್ಲಿ ಓದಬಯಸುವವರು ಬರೆಯುವ ಜಿಆರ್‌ಇ ಪರೀಕ್ಷೆಯೂ 2011ರಲ್ಲಿ ಒಂಟಿ ಪದಕ್ಕೆ ವಿರುದ್ಧಾರ್ಥ ಕೇಳುವುದನ್ನು ಬಿಟ್ಟಿತು. ಈಗ ಪದವನ್ನು ವಾಕ್ಯದೊಳಗೆ ಕೂರಿಸಿ ನೋಡಬೇಕು.

ನನ್ನ ನೋಟ್‌ಬುಕ್ಕಿಗೆ ಇನ್ನೆರಡು ಕಾಲಂ ಸೇರಿದವು. ಒಂದರಲ್ಲಿ ಪದ ಬಂದ ವಾಕ್ಯ. ಇನ್ನೊಂದರಲ್ಲಿ ಅದನ್ನು ಕನ್ನಡದಲ್ಲಿ ಯಾರು, ಯಾರಿಗೆ, ಯಾವ ದನಿಯಲ್ಲಿ ಹೇಳುತ್ತಾರೆ ಎಂಬುದು. ದಿನಕ್ಕೆ 10ರ ಬದಲು ಮೂರೇ ಪದ. ಆದರೆ ಆ ಮೂರೂ ಬೇಕೆಂದಾಗ ಬಾಯಿಗೆ ಬರುತ್ತಿದ್ದವು.

ಇಂಗ್ಲಿಷ್ ಬರಬೇಕಾದರೆ ಕನ್ನಡದಲ್ಲಿ ಯೋಚಿಸುವುದನ್ನು ಬಿಡಿ ಎಂದು ನಮಗೆ ಬಹಳ ಜನ ಹೇಳಿದ್ದಾರೆ. ವ್ಯಾಕರಣಕ್ಕೆ ಅದು ಸರಿಯಿರಬಹುದು. ಪದದ ತೂಕ ನೋಡುವ ತಕ್ಕಡಿ ಮಾತ್ರ ನಾವು ಹುಟ್ಟಿದ ಮನೆಯಲ್ಲೇ ಸಿಕ್ಕಿರುತ್ತದೆ. ಅದನ್ನು ಹೊರಗೆಸೆದು ಅಂಗಡಿ ತೆರೆಯುವುದು ಹೇಗೆ?